ಮಸುಕಾದದ್ದು ನಿನ್ನ ಕಣ್ಣಲ್ಲ

ಮಂದಾ,

ನೀನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನಾನು ಕೊಚ್ಚಿಯ ರೈಲಿನಲ್ಲಿರುತ್ತೇನೆ. ಭಾನುವಾರದ ಶೂಟಿಂಗ್ ಕ್ಲಬ್ ಪಂದ್ಯದಿಂದ ಹೆಸರು ತೆಗೆಸಬೇಡ. ನಿನ್ನೆ ಗುರಿ ತಪ್ಪಿದಾಗಲೆಲ್ಲ ಕನ್ನಡಕ ಒರೆಸಿಕೊಂಡೆಯಲ್ಲ, ಮಸುಕಾಗಿರುವುದು ನಿನ್ನ ಕಣ್ಣಲ್ಲ, ಗುರಿ ನೋಡಲೆಂದು ನಿನ್ನ ರೈಫಲ್ಲಿಗೆ ನಾನು ತಂದ ಸ್ಕೋಪು.

ಈಗಷ್ಟೇ ತಾರಸಿಯಲ್ಲಿ ಅದರೊಳಗೆ ಇಣುಕಿದೆ. ವಿಳಿಂಜಂ ಬಂದರಿನ ಕ್ರೇನು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಹತ್ತು ಮೀಟರ್ ಆಚೆಗೆ ನೀನು ಅಂಟಿಸಿದ ಗುರಿಚೀಟಿ ಮಾತ್ರ ಕಲಸಿದ ಮೊಸರನ್ನ. ಏರ್ ರೈಫಲ್ಲಿಗೆ ಹತ್ತಿರದ್ದು ನಿಚ್ಚಳವಾಗಿ ಕಾಣಿಸುವ ಸಣ್ಣ ಸ್ಕೋಪು ಬೇಕಂತೆ.

ಸ್ಕೋಪು ಮಾರಿದ ಅಂಗಡಿಯ ಜೋಸೆಫ್ ಚೇಟ್ಟನ್ ಅವತ್ತೇ "ಇದು ಪೋರಾ ಸಾರೇ" ಅಂದಿದ್ದ. ಮಲಯಾಳದಲ್ಲಿ 'ಇದು ಸಾಲದು' ಅಂತ ಅರ್ಥವಂತೆ, ಈಗ ಫೋನಿನಲ್ಲಿ ಬಿಡಿಸಿ ಹೇಳಿದ. ನಾನೋ, ಈ ವಯಸ್ಸಿನಲ್ಲಿ ನನ್ನನ್ನು ಪೋರ ಅಂದನಲ್ಲ ಎಂದು ಉಬ್ಬಿ, ಇದ್ದುದರಲ್ಲೇ ದೊಡ್ಡದನ್ನು ಕಟ್ಟಿಸಿಕೊಂಡು ಬಂದಿದ್ದೆ!

ಬದಲಾಯಿಸಿ ಕೊಡುತ್ತಾನೆ. ತಂಪಾನೂರ್ ಬಸ್ ನಿಲ್ದಾಣದ ಹಿಂದಿನ ಅಂಗಡಿ, ಇವತ್ತೇ ಹೋಗು. ಹತ್ತು ಮೀಟರ್ ದೂರದಲ್ಲಿ ಏನಾದರೂ ಇಡಿಸಿ, ನೀನೇ ನೋಡಿ ಆರಿಸು. ನನ್ನ ಸಲಹೆ ಕೇಳಲು ಫೋನ್ ಮಾಡಬೇಡ.

ದೋಸೆ ಹಿಟ್ಟು ಹುಳಿ ಬಂದಿದೆ, ಫ್ರಿಜ್ಜಿನಲ್ಲಿಡು.

ಸಾರ್ ಎಲ್ಲಿ ಅಂತ ಜೋಸೆಫ್ ಕೇಳಿದರೆ, ನಮ್ಮ ಪೋರ ಊರಲ್ಲಿಲ್ಲ ಅನ್ನು. ಅವನ ಭಾಷೆಯಲ್ಲಿ ಅರ್ಥ ಮಾಡಿಕೊಂಡರೂ ತಪ್ಪಿಲ್ಲ.

— ಕೃಷ್ಣಾನಂದ