ನೀಲಿ ಗೌನು ಹಾಕದ ಎರಡು ಸಂಜೆ

ಹಡಗಿನಿಂದ, ಏಳನೇ ಅಂತಸ್ತು
ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಗುಂಡುಸೂಜಿಗೆ,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತಾ? ಗಂಟೆಗಟ್ಟಲೆ ನಿಂತು ಇಸ್ತ್ರಿ ಮಾಡಬೇಡ, ಸ್ಟೂಲು ಹಾಕಿಕೊಂಡು ಮಾಡು ಎಂದು ಎಷ್ಟು ಸಲ ಹೇಳಿದ್ದೇನೆ. ಅಳಿಯಂದಿರ ಕೆಮ್ಮು ಹೇಗಿದೆ? ವಾರಕ್ಕೊಮ್ಮೆಯಾದರೂ ಅಂಗಡಿಯ ಬಾಗಿಲು ತೆಗೆದು ಗಾಳಿಯಾಡಿಸು, ಒಳಗಿನ ಕಪಾಟಿನಲ್ಲಿ ಉಣ್ಣೆ ಬಟ್ಟೆಗಳಿವೆ, ಹುಳ ಬಿದ್ದರೆ ಗಿರಾಕಿಗಳು ನನ್ನನ್ನು ಹುಟ್ಟಲಿಲ್ಲ ಅನ್ನಿಸಿಬಿಡುತ್ತಾರೆ. ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮ ಚೆನ್ನಾಗಿದ್ದಾಳೆ ಎಂದು ಅವಳೇ ಹೇಳುತ್ತಾಳೆ. ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ, ಅದೂ ನಾನು ಕೇಳದೆಯೇ. ಅದೇ ನನಗೆ ಸರಿಕಾಣುತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಈ ವಯಸ್ಸಿನಲ್ಲಿ ಕಾಗದ ಬರೆಯುವ ಶೋಕಿ ಯಾಕೆ ಅನ್ನುತ್ತೀಯ. ಫೋನು ಮಾಡುವಾಗ ಅವಳು ನನ್ನ ತೋಳಿಗೆ ತೋಳು ತಾಗಿಸಿ ಕೂತಿರುತ್ತಾಳೆ, ಎರಡು ಮಾತಾಡುವುದರೊಳಗೆ ಕಿತ್ತುಕೊಳ್ಳುತ್ತಾಳೆ. ಆಮೇಲೆ ಆ ಕಡೆ ನೀನು, ಈ ಕಡೆ ಅವಳು, ಹೂಂ, ಹೂಂ, ಇಲ್ಲ, ಹೂಂ, ಅಷ್ಟೇ. ತಾಯಿ ಮಗಳು ಇಷ್ಟು ಕಡಿಮೆ ಮಾತಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೊಂದು, ನೀನು ಪ್ರತಿ ಸಲ ಮೊದಲು ಕೇಳುವುದು ಅಮ್ಮ ಊಟ ಮಾಡಿದಳಾ ಎಂದು. ನನ್ನ ಹೊಟ್ಟೆಯ ವಿಚಾರ ಯಾರಿಗೂ ಬೇಡ. ಇದನ್ನೆಲ್ಲ ನಾನು ಮೊದಲು ಹೊಟ್ಟೆಕಿಚ್ಚಿನಿಂದ ಗಮನಿಸಿದೆ, ಆಮೇಲೆ ಬೇರೆ ಕಾರಣಕ್ಕೆ ಗಮನಿಸತೊಡಗಿದೆ.

ಈ ಪ್ರಯಾಣದ ಮೇಲೇ ನನಗೆ ಈಗ ಗುಮಾನಿ. ಮೂವತ್ತೆಂಟು ವರ್ಷ ಭಾನುವಾರ ಬಿಟ್ಟು ಒಂದು ದಿನವೂ ಅಂಗಡಿ ಮುಚ್ಚದವನನ್ನು ನೀನೂ ಅಳಿಯಂದಿರೂ ಸೇರಿ ಇಪ್ಪತ್ತೊಂದು ದಿನ ಸಮುದ್ರದ ಮೇಲೆ ಕಳಿಸಿದಿರಿ. ಹೊಲಿಯಲು ಕೈಯಲ್ಲಿ ಒಂಬತ್ತು ಕೋಟು ಇವೆ, ಮುಂದಿನ ವರ್ಷ ಹೋಗೋಣ ಎಂದರೆ ನೀನು, “ಮುಂದಿನ ವರ್ಷ ಬೇಡಪ್ಪಾ, ಈಗಲೇ ಹೋಗಿ” ಎಂದೆ. ಯಾಕೆ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದು ಒಳಗೆ ಹೋದೆ. ನಿಮ್ಮಮ್ಮನೂ ಹಟ ಹಿಡಿದಳು. ಇಬ್ಬರೂ ಒಂದೇ ಮಾತಿಗೆ ಬಂದದ್ದು ಕಂಡು ಆಗಲೇ ನನಗೆ ಏನೋ ವಾಸನೆ ಹೊಡೆಯಬೇಕಿತ್ತು, ಹೊಡೆಯಲಿಲ್ಲ.

ಹಡಗಿನ ಸುದ್ದಿಗೆ ಬರುತ್ತೇನೆ. ಇಲ್ಲಿ ನಾಲ್ಕು ದಿನಕ್ಕೊಮ್ಮೆ ಔಪಚಾರಿಕ ಸಂಜೆ ಅಂತ ಒಂದು ಇಟ್ಟಿದ್ದಾರೆ. ಬೆಳಗ್ಗೆಯೇ ಬಾಗಿಲ ಕೆಳಗಿಂದ ಚೀಟಿ ತೂರಿಸುತ್ತಾರೆ. ಏಳು ಗಂಟೆಯ ಮೇಲೆ ದೊಡ್ಡ ಊಟದ ಹಾಲಿಗೆ ಬರುವ ಗಂಡಸರು ಕಪ್ಪು ಕೋಟು, ಟೈ ಹಾಕಬೇಕು, ಹೆಂಗಸರು ಉದ್ದ ಗೌನು ಹಾಕಬೇಕು. ಹಾಕದಿದ್ದರೆ ಉಪವಾಸವೇನೂ ಇಲ್ಲ, ಹನ್ನೊಂದನೇ ಅಂತಸ್ತಿಗೆ ಹೋಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬಹುದು. ಹಾಲಿನ ಎದುರಿಗೇ ಬಾಡಿಗೆ ಕೋಟಿನ ಅಂಗಡಿ ಇರುವುದನ್ನು ನೋಡಿ ಓಹೋ, ಇದಾ ಇವರ ಆಟ ಅಂದುಕೊಂಡೆ. ಒಳಗೆ ಹೋಗಿ ಒಂದು ಕೋಟಿನ ಎದೆ ಹಿಸುಕಿ ನೋಡಿದೆ. ಒಳಗೆ ಎದೆ ನೆಟ್ಟಗೆ ನಿಲ್ಲಿಸುವ ಕ್ಯಾನ್ವಾಸಿಗೆ ಹೊಲಿಗೆಯೇ ಇಲ್ಲ ಕಣೇ, ಅಂಟು ಹಚ್ಚಿ ಮೆತ್ತಿದ್ದಾರೆ. ಬಾಗಿಲಲ್ಲಿ ನಿಂತು ಎಲ್ಲರನ್ನೂ ತಲೆಯಿಂದ ಕಾಲಿನವರೆಗೆ ಅಳೆಯುವ ಆಸಾಮಿ ಇದ್ದಾನಲ್ಲ, ಅವನ ಬೋ ಟೈ ಕೂಡ ಗಂಟು ಹಾಕಿದ್ದಲ್ಲ, ಹಿಂದೆ ಕೊಕ್ಕೆ. ನಾನು ಅವನ ಕೊಕ್ಕೆ ನೋಡಿದ್ದು ಅವನಿಗೂ ಗೊತ್ತಾಯಿತು, ಅಂದಿನಿಂದ ನನಗೆ ಸ್ವಲ್ಪ ಜಾಸ್ತಿಯೇ ಬಗ್ಗುತ್ತಾನೆ.

ನಮ್ಮ ಮೇಜಿನಲ್ಲಿ ದಿನವೂ ಇದೇ ಜಗಳ. ಒಬ್ಬರು ನಿವೃತ್ತ ಟೀಚರಮ್ಮ, ಒಬ್ಬ ಬಸ್ ಮೆಕ್ಯಾನಿಕ್. ಟೀಚರಮ್ಮ ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ ಹೇಳುತ್ತಾರೆ. ನಾಲ್ಕು ದಿನಕ್ಕೊಮ್ಮೆ ಎದುರು ಕೂತವರಿಗೋಸ್ಕರ ನೆಟ್ಟಗೆ ಬಟ್ಟೆ ಹಾಕಿಕೊಂಡರೆ ಯಾರ ಗಂಟು ಹೋಗುತ್ತದೆ ಎಂದು ಅವರ ವಾದ. ಮೆಕ್ಯಾನಿಕ್ ಹೇಳುವುದು, ನಲವತ್ತು ವರ್ಷ ಗ್ರೀಸ್ ಮೆತ್ತಿದ ಕುತ್ತಿಗೆ ಇದು, ರಜೆಗೆ ಬಂದ ಮೇಲೂ ಹಗ್ಗ ಬಿಗಿದುಕೊಂಡು ಉಣ್ಣಬೇಕಾ, ಗಂಟಲಲ್ಲಿ ಅನ್ನ ಇಳಿಯುವುದು ಬೇಡವಾ ಎಂದು. ಎತ್ತು ಏರಿಗೆ, ಕೋಣ ನೀರಿಗೆ. ನನ್ನ ಪಕ್ಷ ಯಾವುದು ಎಂದು ಕೇಳಬೇಕಾಗಿಲ್ಲ. ಜನ ಒಳ್ಳೆಯ ಬಟ್ಟೆ ಹಾಕುವುದನ್ನು ಬಿಟ್ಟರೆ ನಿನ್ನ ಸ್ಕೂಲ್ ಫೀಸು ಎಲ್ಲಿಂದ ಬರುತ್ತಿತ್ತು? ಆದರೂ ಒಂದು ಮಾತು ಒಪ್ಪುತ್ತೇನೆ, ಬಾಡಿಗೆ ಕೋಟಿನಲ್ಲಿ ಆ ಮೆಕ್ಯಾನಿಕ್ಕನನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ, ತೋಳು ಬೆರಳಿನ ತುದಿ ಮುಟ್ಟುತ್ತದೆ. ಇದನ್ನು ಅವನಿಗೆ ನಾನು ಹೇಳಿಲ್ಲ.

ನಿಮ್ಮಮ್ಮ ಯಾವ ಪಕ್ಷ ಎಂದು ನೀನೇ ಹೇಳು. ಹಾಲು ತರಲು ಹೋಗುವಾಗಲೂ ಕನ್ನಡಿ ನೋಡಿ ಕಾಲರ್ ಸರಿಮಾಡಿಕೊಳ್ಳುವ ಹೆಂಗಸು. ಐದು ತಿಂಗಳ ಹಿಂದೆ ನಮ್ಮ ದರ್ಜಿಗಳ ಸಂಘದ ಊಟಕ್ಕೆ ಅಂತ ನಾನು ಹೊಲಿದುಕೊಟ್ಟ ಆ ಕಡುನೀಲಿ ಗೌನನ್ನು ಮೊದಲು ಪೆಟ್ಟಿಗೆಗೆ ಹಾಕಿ ಆಮೇಲೆ ಮಿಕ್ಕಿದ್ದನ್ನು ತುಂಬಿದ್ದಳು. ಮೊದಲ ಔಪಚಾರಿಕ ಸಂಜೆ, ಅಂದರೆ ಎರಡನೇ ದಿನ, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಗೌನು ಹಾಕಿ ಬಿಚ್ಚಿ ಹ್ಯಾಂಗರಿಗೆ ಸಿಕ್ಕಿಸುತ್ತಿದ್ದಳು. ಹಡಗು ತೂಗಿ ತಲೆ ಸುತ್ತುತ್ತಿದೆ, ನೀವು ಹೋಗಿ ಎಂದಳು. ಹೋದೆ. ಎರಡನೇ ಸಲ ತಲೆಸುತ್ತಿನ ಮಾತೇ ಇಲ್ಲ, ಭಾಷಣ ಶುರುಮಾಡಿದಳು. ಉಣ್ಣೋದಕ್ಕೆ ಯಾಕ್ರೀ ವೇಷ, ಇದೆಲ್ಲ ದೊಡ್ಡಸ್ತಿಕೆ, ಮನುಷ್ಯನಿಗೆ ಆರಾಮ ಮುಖ್ಯ ಅಂತ. ಒಂದೊಂದು ಅಕ್ಷರವೂ ಮೆಕ್ಯಾನಿಕ್ಕನದು. ನಿಮ್ಮಮ್ಮನ ಬಾಯಲ್ಲಿ ಆ ಮಾತು ಕೇಳಿ ನಾನು ಅರ್ಧ ಕಟ್ಟಿದ ಟೈ ಹಿಡಿದು ಹಾಗೇ ನಿಂತುಬಿಟ್ಟೆ. ಅವಳು ಆ ದೊಗಲೆ ಸ್ವೆಟರ್ ಏರಿಸಿಕೊಂಡು ಹನ್ನೊಂದನೇ ಅಂತಸ್ತಿಗೆ ಹೋದಳು, ನಾನು ಕೋಟು ಹಾಕಿ ಹಾಲಿನಲ್ಲಿ ಒಬ್ಬನೇ ಸೂಪು ಕುಡಿದೆ. ತಲೆಸುತ್ತು ಅಂದ ಆ ಸಂಜೆ ಬಿಟ್ಟರೆ, ಮದುವೆಯಾದ ಮೇಲೆ ಒಂದೇ ಸೂರಿನಡಿ ಇದ್ದು ಬೇರೆ ಬೇರೆ ಊಟ ಮಾಡಿದ್ದು ಅದೇ ಮೊದಲು.

ಅಂದಿನಿಂದ ನಾನು ಪತ್ತೇದಾರನ ಕೆಲಸಕ್ಕೆ ಇಳಿದೆ ಎಂದೇ ಇಟ್ಟುಕೋ. ತಲೆಸುತ್ತಿನ ಮಾತ್ರೆ ಎಂದು ತೋರಿಸಿದ ಡಬ್ಬಿಯಿಂದ, ಹಡಗು ಬಂದರಿನಲ್ಲಿ ಕಲ್ಲಿನಂತೆ ನಿಂತ ದಿನವೂ ಎರಡು ಮಾತ್ರೆ ನುಂಗಿದಳು. ತನ್ನ ತಟ್ಟೆಯದನ್ನು ನನ್ನ ತಟ್ಟೆಗೆ ದಾಟಿಸುತ್ತಾಳೆ, ನಿಮಗೆ ಇಷ್ಟ ಅಲ್ವಾ ತಿನ್ನಿ ಎಂದು. ಅವಳ ಕೈಗಡಿಯಾರದ ಪಟ್ಟಿಗೆ ಹೊಸದಾಗಿ ಎರಡು ತೂತು ಬಿದ್ದಿವೆ, ಅದೂ ನನ್ನ ಅಂಗಡಿಯ ಉಳಿಯಲ್ಲಿ ಹಾಕಿದ ತೂತು, ನನಗೆ ಗುರುತು ಸಿಗುವುದಿಲ್ಲವಾ? ಆದರೂ ಮನಸ್ಸು ಒಪ್ಪಲಿಲ್ಲ. ಮನಸ್ಸು ಒಪ್ಪದಿದ್ದಾಗ ಮನುಷ್ಯ ಬೇರೆಯವರ ಮೇಲೆ ತಪ್ಪು ಹೊರಿಸುತ್ತಾನೆ ನೋಡು, ನಾನೂ ಹಾಗೇ ಮಾಡಿದೆ.

ಸೋಮವಾರ ಬೆಳಗ್ಗೆ, ಮೂರನೇ ಸಂಜೆಗಾದರೂ ಹಾಕಿಸಲೇಬೇಕು ಎಂದು ನಾನೇ ಆ ಗೌನನ್ನು ಹಡಗಿನ ಲಾಂಡ್ರಿಗೆ ಇಸ್ತ್ರಿಗೆ ಕೊಟ್ಟೆ. ಮಧ್ಯಾಹ್ನ ತಂದು ಬಾಗಿಲಿಗೆ ತೂಗುಹಾಕಿದರು. ನಿಮ್ಮಮ್ಮ ಟೀಚರಮ್ಮನ ಜೊತೆ ಇಸ್ಪೀಟು ಆಡಲು ಹೋಗಿದ್ದಳು. ನೋಡಿದ ಕೂಡಲೇ ನನ್ನ ಕಣ್ಣಿಗೆ ಏನೋ ಚುಚ್ಚಿತು. ಟೇಪು ಹಿಡಿದೆ. ನಲವತ್ತು ಇಂಚಿನ ಎದೆ ಮೂವತ್ತಾರು ತೋರಿಸಿತು! ಬಿಸಿನೀರಿಗೆ ಹಾಕಿ ಕುಗ್ಗಿಸಿದ್ದಾರೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಗೌನು, ಟೇಪು ಎರಡನ್ನೂ ಹಿಡಿದು ಮೂರನೇ ಅಂತಸ್ತಿಗೆ ಇಳಿದು, ಅಲ್ಲಿ ಕೆಲಸಕ್ಕಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಲಾಂಡ್ರಿಯ ಮೇಲ್ವಿಚಾರಕಿ ನನ್ನ ವಯಸ್ಸಿನ ಹೆಂಗಸು. ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು, “ಯಜಮಾನ್ರೇ, ಒಳಗಡೆ ತಿರುಗಿಸಿ ನೋಡಿದ್ರಾ?” ಎಂದು ಕೇಳಿದಳು. ನೋಡಿರಲಿಲ್ಲ. ಮೂವತ್ತೆಂಟು ವರ್ಷದ ದರ್ಜಿ, ಬಟ್ಟೆಯ ಒಳಮೈ ನೋಡದೆ ಜಗಳಕ್ಕೆ ಹೋಗಿದ್ದೆ. ಅವಳೇ ತಿರುಗಿಸಿ ಮೇಜಿನ ಮೇಲೆ ಹಾಸಿದಳು. ಬಟ್ಟೆ ಕುಗ್ಗಿರಲಿಲ್ಲ. ಎರಡೂ ಸೈಡಿನಲ್ಲಿ ಒಂದೊಂದು ಇಂಚು ಒಳಗೆ ಹಿಡಿದು ಕೈಹೊಲಿಗೆ ಹಾಕಿದ್ದರು, ಮುಂದೆ ಹಿಂದೆ ಸೇರಿ ಸುತ್ತಳತೆಯಲ್ಲಿ ನಾಲ್ಕು ಇಂಚು.

ಹೊಲಿಗೆ ಅಚ್ಚುಕಟ್ಟಾಗಿತ್ತು. ಸಣ್ಣದಾಗಿ, ಒಂದೇ ಸಮ. ಕೊನೆಯಲ್ಲಿ ಮಾತ್ರ ಮೂರು ಗಂಟು. ಒಂದು ಸಾಕು ಕಣೇ, ಮೂರು ಹಾಕಿದರೆ ಬಟ್ಟೆ ಎದ್ದು ನಿಲ್ಲುತ್ತದೆ ಎಂದು ನೀನು ಹತ್ತು ವರ್ಷದವಳಿದ್ದಾಗಿನಿಂದ ಬೈಯುತ್ತಿದ್ದೇನೆ. ನೀನು ಬಿಚ್ಚಿಹೋದರೆ ಅಂತ ಹೆದರಿ ಇವತ್ತಿಗೂ ಮೂರೇ ಹಾಕುತ್ತೀಯ. ಲಾಂಡ್ರಿಯ ಮೇಜಿಗೆ ಕೈ ಊರಿ ಆ ಗಂಟುಗಳ ಮೇಲೆ ಬೆರಳು ಆಡಿಸಿದೆ. ಆ ಹೆಂಗಸು ಒಂದು ಕುರ್ಚಿ ಎಳೆದು ಕೊಟ್ಟಳು.

ಒಂದು ದಿನವೆಲ್ಲ ನಿಮ್ಮಿಬ್ಬರ ಮೇಲೂ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಬೆನ್ನ ಹಿಂದೆ ನನ್ನದೇ ಸೂಜಿ, ನನ್ನದೇ ದಾರ ತೆಗೆದುಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದಿರಿ. ಆಮೇಲೆ ಕೋಪ ನನ್ನ ಮೇಲೆಯೇ ತಿರುಗಿತು. ಬೀದಿಯಲ್ಲಿ ಹೋಗುವವರ ಸೊಂಟ ಎಷ್ಟು ಎಂದು ಕೂತಲ್ಲಿಂದಲೇ ಹೇಳುವವನು, ಪಕ್ಕದಲ್ಲಿ ಮಲಗುವವಳು ನಾಲ್ಕು ಇಂಚು ಕರಗಿದ್ದನ್ನು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಸ್ವೆಟರ್ ಹಾಕಿದ್ದಳು, ಚಳಿ ಅಂದಳು, ನಂಬಿದೆ. ನನಗೆ ಭಯವಾಗಿದೆ ಮಗಳೇ. ಬರೆಯುವಾಗಲೂ ಆಗುತ್ತಿದೆ.

ಆದರೆ ನಿನ್ನ ಕೆಲಸದಲ್ಲಿ ಒಂದು ತಪ್ಪಿತ್ತು. ಸೈಡನ್ನು ಒಳಗೆ ಹಾಕಿದೆ, ಭುಜವನ್ನು ಹಾಗೇ ಬಿಟ್ಟೆ. ಎದೆ ಇಳಿದವರ ಭುಜವೂ ಇಳಿಯುತ್ತದೆ, ಭುಜ ಜಾರಿದರೆ ಇಡೀ ಗೌನು ಬೇರೆಯವರದ್ದು ತೊಟ್ಟ ಹಾಗೆ ಕಾಣುತ್ತದೆ. ಅವಳು ಮೊದಲ ಸಂಜೆ ಕನ್ನಡಿಯಲ್ಲಿ ಅದನ್ನು ನೋಡಿರಬೇಕು. ನನ್ನ ಕಣ್ಣಿಗೆ ಬಿದ್ದರೆ ಮುಗಿಯಿತು ಎಂದು ಬಿಚ್ಚಿಟ್ಟಿರಬೇಕು. ಮಂಗಳವಾರ ಮಧ್ಯಾಹ್ನ ಅವಳು ಸ್ವೆಟರ್ ತೆಗೆದು ಮಲಗಿದ್ದಾಗ ಟೇಪು ಮುಟ್ಟಿಸದೆ ಕಣ್ಣಲ್ಲೇ ಅಳತೆ ತೆಗೆದೆ. ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ನಾನು ಸುಮ್ಮನೆ ಗೌನು ಎತ್ತಿಕೊಂಡು ಲಾಂಡ್ರಿಗೆ ಹೋದೆ. ಆ ಮೇಲ್ವಿಚಾರಕಿ ಸೂಜಿ ದಾರ ಕೊಟ್ಟು, ಮೂಲೆಯಲ್ಲಿ ದೀಪವಿರುವ ಜಾಗ ಬಿಟ್ಟುಕೊಟ್ಟಳು. ಎರಡೂ ಭುಜ ಮುಕ್ಕಾಲು ಇಂಚು ಎತ್ತಿದೆ, ತೋಳು ಬಿಚ್ಚಿ ಮತ್ತೆ ಕೂರಿಸಿದೆ. ನಿನ್ನ ಸೈಡ್ ಹೊಲಿಗೆ ಮುಟ್ಟಲಿಲ್ಲ, ಗಂಟುಗಳನ್ನೂ ಬಿಚ್ಚಲಿಲ್ಲ. ಬೀರುವಿನಲ್ಲಿ ಇದ್ದ ಜಾಗದಲ್ಲೇ ತಂದು ನೇತುಹಾಕಿದೆ.

ನಿನ್ನೆ ಸಂಜೆ ನಾನೇನೂ ಒತ್ತಾಯ ಮಾಡಲಿಲ್ಲ. ನೀನು ಬರದಿದ್ದರೆ ನಾನೂ ಸ್ವೆಟರ್ ಹಾಕಿ ಹನ್ನೊಂದನೇ ಅಂತಸ್ತಿಗೇ ಬರುತ್ತೇನೆ, ಒಬ್ಬನೇ ಸೂಪು ಕುಡಿಯುವ ಶಕ್ತಿ ನನಗಿಲ್ಲ ಎಂದೆ. ನಾನು ಕೋಟು ಬಿಟ್ಟು ಊಟಕ್ಕೆ ಹೋಗುತ್ತೇನೆ ಅಂದದ್ದು ಅವಳಿಗೆ ಆಶ್ಚರ್ಯವಾಯಿತೋ ಏನೋ, ಕೋಟನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಗೌನು ತೆಗೆದುಕೊಂಡು ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು. ಬಂದು ಕನ್ನಡಿಯ ಮುಂದೆ ನಿಂತಳು, ಭುಜದ ಮೇಲೆ ಒಮ್ಮೆ ಕೈಯಾಡಿಸಿದಳು, ನನ್ನ ಕಡೆ ತಿರುಗದೆ ಕೇಳಿದಳು.

“ಸರಿಯಾಗಿ ಕೂತಿದೆ ಅಲ್ವೇನ್ರೀ?”

“ನಾನು ಹೊಲಿದದ್ದು ಯಾವತ್ತು ಕೂತಿಲ್ಲ ಹೇಳು?” ಎಂದೆ.

ಇಬ್ಬರೂ ಅಷ್ಟಕ್ಕೇ ಬಿಟ್ಟೆವು. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ನನಗೆ ತಿಳಿಯದು. ಹಾಲಿನಲ್ಲಿ ಟೀಚರಮ್ಮ ಎದ್ದು ನಿಂತು ಕೈ ಹಿಡಿದು ಕೂರಿಸಿದರು. ಮೆಕ್ಯಾನಿಕ್ ಕೂಡ, ಅಮ್ಮಾವ್ರು ಹೀಗೆ ಬರೋದಾದ್ರೆ ನಾನು ದಿನಾ ಹಗ್ಗ ಬಿಗ್ಕೋತೀನಿ ಎಂದ. ಅವಳು ನಕ್ಕಳು. ನಾಲ್ಕು ತುತ್ತು ತಿಂದಳು, ನಾನು ಲೆಕ್ಕ ಇಟ್ಟೆ. ತುಂಬ ಚೆನ್ನಾಗಿ ಕಾಣುತ್ತಿದ್ದಳು ಕಣಮ್ಮ, ನೀನು ನೋಡಬೇಕಿತ್ತು.

ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮೇಲೆ ಈಗ ಕೋಪವಿಲ್ಲ. ಅಮ್ಮ ಬಾಯಿ ಕಟ್ಟಿಹಾಕಿದ್ದಾಳೆ, ನೀನು ಮಾತು ಉಳಿಸಿಕೊಂಡಿದ್ದೀಯ, ತಪ್ಪೇನಲ್ಲ. ಇಷ್ಟು ದಿನ ಒಬ್ಬಳೇ ಹೊತ್ತೆಯಲ್ಲ, ಅದಕ್ಕೇ ನನಗೆ ಸಂಕಟ. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅಪ್ಪ

ಮರೆಯುವ ಮೊದಲು: ಇಸ್ಪೀಟು ಮುಗಿಯುವ ಹೊತ್ತಾಯಿತು, ಅವಳು ಬಂದುಬಿಡುತ್ತಾಳೆ, ಬೇಗ ಬರೆಯುತ್ತೇನೆ. ಕಾಗದವನ್ನು ಲಾಂಡ್ರಿಯವಳ ಕೈಯಲ್ಲಿ ಕೊಡುತ್ತೇನೆ, ನಾಳೆ ಬಂದರಿನಲ್ಲಿ ಇಳಿದು ತುರ್ತು ಅಂಚೆಗೆ ಹಾಕುತ್ತಾಳೆ. ಮೊನ್ನೆ ಒಂದು ಬಂದರಿನಲ್ಲಿ ಬೂದು ಬಣ್ಣದ ಒಳ್ಳೆಯ ಉಣ್ಣೆ ಬಟ್ಟೆ ಸಿಕ್ಕಿತು, ಊರಿಗೆ ಬಂದ ಮಾರನೇ ದಿನವೇ ನಿಮ್ಮಮ್ಮನಿಗೆ ಕೋಟು ಕತ್ತರಿಸುತ್ತೇನೆ. ಕಾಯಿಲೆಯಿಂದ ಎದ್ದವರಿಗೆ ಹೊಲಿಯುವಾಗ ಸೈಡಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡುತ್ತೇವೆ, ಮತ್ತೆ ಮೈ ತುಂಬಿಕೊಂಡಾಗ ಬಿಚ್ಚಿ ಹಿಗ್ಗಿಸಲು. ಮುಂದಿನ ಬುಧವಾರ ಫೋನಿನಲ್ಲಿ ಅವಳ ಎದುರಿಗೇ ಕೇಳುತ್ತೇನೆ, ಅಮ್ಮನ ಕೋಟಿಗೆ ಒಳಗೆ ಎಷ್ಟು ಬಟ್ಟೆ ಬಿಡಲಿ ಎಂದು. ಅಂಗಡಿಯ ಮಾತು ಅಂದುಕೊಳ್ಳುತ್ತಾಳೆ. ಡಾಕ್ಟರು ನಿನಗೆ ಹೇಳಿರುವುದನ್ನು ನೆನೆದುಕೊಂಡು ಉತ್ತರ ಹೇಳು. ಎರಡು ಇಂಚು ಅಂದರೆ ಎರಡು, ಒಂದು ಅಂದರೆ ಒಂದು. ಏನೂ ಬಿಡುವುದು ಬೇಡ ಎಂದಿದ್ದರೆ ಬೇಡ ಎಂದೇ ಹೇಳು, ನಾನು ಅವಳ ಮುಂದೆ ಅಳುವುದಿಲ್ಲ. ಸುಳ್ಳು ಅಳತೆ ಮಾತ್ರ ಕೊಡಬೇಡ ಮಗಳೇ.