ಎರಡೂ ಕೈಯಲ್ಲಿ ಟ್ರೇ

ವಾರ್ಡಿನ ಪಕ್ಕದ ಕೋಣೆ,
ಬುಧವಾರ, ಊಟದ ಬಿಡುವು

ನನ್ನ ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಸೋಮವಾರದ ಆಪರೇಷನ್‌ಗೆ ಹೆದರಿ ಊಟ ಬಿಟ್ಟಿದ್ದೀಯಂತೆ, ಅಪ್ಪ ಚಾಡಿ ಹೇಳಿದರು. ನಮ್ಮ ಆಸ್ಪತ್ರೆಗೇ, ನನ್ನ ವಾರ್ಡಿಗೇ ಬರುವವಳಿಗೆ ಭಯ ಯಾಕೆ? ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ಮಗಳು ವಾರ್ಡಿನ ಇನ್‌ಚಾರ್ಜ್ ನರ್ಸ್ ಆದಳೆಂದು ನೀನು ಬೀದಿಗೆಲ್ಲ ಸಾರಿಕೊಂಡು ಬಂದೆ. ಇಲ್ಲಿ ಆ ಮಗಳು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಾಳೆ. ಜೊತೆಯಲ್ಲಿ ಟೀ ಕುಡಿಯುತ್ತಿದ್ದವರು ಈಗ ನಾನು ಬಂದರೆ ಲೋಟ ಕೆಳಗಿಟ್ಟು ಏಳುತ್ತಾರೆ. ಅದನ್ನಾದರೂ ಸಹಿಸಬಹುದು, ಈ ಕೈ ಸುಮ್ಮನಿರುವುದಿಲ್ಲವಲ್ಲ! ವಾರ್ಡಿಗೆ ಹೊಸ ನರ್ಸೊಬ್ಬಳು ಬಂದಿದ್ದಾಳೆ, ಮಾತು ಕಡಿಮೆಯೆಂದು ಎಲ್ಲರೂ ಅವಳನ್ನು ಮೌನಿ ಅನ್ನುತ್ತಾರೆ. ಡ್ರಿಪ್ ಹಾಕಲು ಅವಳು ನರ ಹುಡುಕತೊಡಗಿದರೆ ಸಾಕು, ‘ಕೊಡು ಇಲ್ಲಿ’ ಎಂದು ಸೂಜಿ ಕಿತ್ತುಕೊಂಡು ನಾನೇ ಹಾಕಿಬಿಡುತ್ತೇನೆ. (ನಾನು ತರಕಾರಿ ಹೆಚ್ಚುವಾಗ ಚಾಕು ಕಿತ್ತುಕೊಳ್ಳುತ್ತಿದ್ದವಳು ನೀನೇ ತಾನೆ? ಈ ಗುಣಕ್ಕೆ ಅಪ್ಪನನ್ನು ದೂರಬೇಡ.) ರೋಗಿಗಳು ಹೊಗಳುತ್ತಾರೆ, ನನಗೂ ಒಳಗೊಳಗೇ ಖುಷಿ. ಮೊನ್ನೆ ಅವಳು ಕೆಲಸ ಬಿಡುತ್ತೇನೆಂದು ಬಂದು ನಿಂತಳು. ‘ಸಿಸ್ಟರ್, ನನ್ನ ಕೈಲಾಗಲ್ಲ ಅಂತ ರೋಗಿಗಳಿಗೂ ಗೊತ್ತಾಗಿಬಿಟ್ಟಿದೆ’ ಅಂದಳು. ಕೆನ್ನೆಗೆ ಬಾರಿಸಿದ ಹಾಗಾಯಿತಮ್ಮಾ. ಒಂದು ವಾರ ತಡಿ ಎಂದು ಬೇಡಿಕೊಂಡೆ.

ಹೊಸ ಇನ್‌ಚಾರ್ಜ್‌ಗಳನ್ನು ತಿದ್ದುವ ಕೆಲಸ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ನಮ್ಮ ಮೇಟ್ರನ್ ಅವರದು. ಅವರ ಹತ್ತಿರ ಓಡಿದೆ. ಬೈಯುತ್ತಾರೆಂದುಕೊಂಡಿದ್ದರೆ ಒಂದು ಟ್ರೇ ಕೈಗಿಟ್ಟರು. ‘ಅವಳು ಸೂಜಿ ಹಿಡಿದಾಗ ನೀನು ಇದನ್ನ ಹಿಡಿ, ಎರಡೂ ಕೈಯಲ್ಲಿ. ನಾನೂ ಹೀಗೇ ಕಲಿತಿದ್ದು’ ಅಂದರು. ಇವತ್ತು ಬೆಳಿಗ್ಗೆ ಹಾಗೇ ನಿಂತೆ. ಮೌನಿ ಒಂದು ಸಲ ತಪ್ಪಿದಳು. ನನ್ನ ಟ್ರೇಯಲ್ಲಿದ್ದ ಕತ್ತರಿ ಕಟಕಟ ಅನ್ನತೊಡಗಿತು. ಮಲಗಿದ್ದ ಅಜ್ಜ, ‘ಏನಮ್ಮಾ, ಚುಚ್ಚಿಸಿಕೊಳ್ತಿರೋದು ನಾನೋ ನೀನೋ?’ ಅಂದುಬಿಟ್ಟರು. ಮೌನಿಗೂ ನಗು ಬಂತು. ಎರಡನೇ ಸಲಕ್ಕೆ ನರ ಸಿಕ್ಕಿತು. ಅವಳು ಪಟ್ಟಿ ಅಂಟಿಸಿ ಮುಗಿಸುವವರೆಗೂ ನಾನು ಟ್ರೇ ಕೆಳಗಿಡಲಿಲ್ಲ.

ಹೊಟ್ಟೆ ತುಂಬ ಊಟ ಮಾಡು. ಅಪ್ಪನಿಗೆ ನಮಸ್ಕಾರ ಹೇಳು, ಚಾಡಿ ಹೇಳಿದ್ದಕ್ಕೆ ರೇಗಬೇಡ.

ನಿನ್ನ ಮಗಳು,
ಗಡಿಬಿಡಿ

ಮರೆತೇಬಿಟ್ಟಿದ್ದೆ: ಸೋಮವಾರ ನಿನಗೆ ಡ್ರಿಪ್ ಹಾಕುವುದು ನಾನಲ್ಲ, ಮೌನಿ. ನಿನ್ನ ಕೈಯಲ್ಲಿ ನರ ಸಿಗುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ಅವಳಿಗೂ ಹೇಳಿದ್ದೇನೆ. ಹೂಂ ಅಂದಿದ್ದಾಳೆ. ಒಂದು ಸಲ ತಪ್ಪಿದರೆ ದಯವಿಟ್ಟು ನನ್ನ ಮುಖ ನೋಡಬೇಡಮ್ಮಾ. ನೀನು ನೋಡಿದರೆ ಟ್ರೇ ಕೆಳಗಿಟ್ಟುಬಿಡುತ್ತೇನೆ.