ನೆಂಟರ ನೀರು ಅಳೆದು ಊರಿನ ನೀರು ಶುದ್ಧವೆಂದವರಿಗೆ

ವರದಿಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಕೊಡಿಗೇಹಳ್ಳಿ ಹಳೇ ಊರಿನ ಬೋರ್‌ವೆಲ್ ನೀರಿಗೂ ಇಲ್ಲಿಯವರ ಕಿಡ್ನಿ ಕಾಯಿಲೆಗೂ ಸಂಬಂಧವಿಲ್ಲ ಎಂದು ಬರೆದಿದ್ದೀರಿ. ಅದು ತಪ್ಪು. ಬೇಕೆಂದೇ ಬರೆದಿರಲಿಕ್ಕಿಲ್ಲ, ಯೋಚಿಸದೆ ಬರೆದಿದ್ದೀರಿ. ಸಾಯುವವರಿಗೆ ಎರಡೂ ಒಂದೇ.

ನಾನು ಹೆಬ್ಬಾಳದ ಪಿಯು ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಎರಡು ಅಳತೆಗಳ ನಡುವೆ ಸಹಸಂಬಂಧವಿದೆಯೇ ಎಂದು ಪರೀಕ್ಷಿಸುವುದನ್ನು ಹೇಳಿಕೊಟ್ಟೇ ಅನ್ನ ತಿಂದವಳು. ನೀವು ಮಾಡಿದ್ದೂ ಅದೇ ಪರೀಕ್ಷೆ. ಅರವತ್ತೆರಡು ಮನೆಗಳಿಂದ ಒಂದೊಂದು ಬಾಟಲಿ ಕುಡಿಯುವ ನೀರು, ಪ್ರತಿ ಮನೆಯ ಹಿರಿಯರೊಬ್ಬರ ರಕ್ತ. ನೀರಿನಲ್ಲಿ ಲೋಹವೆಷ್ಟು, ರಕ್ತದಲ್ಲಿ ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಎಷ್ಟು ಎಂದು ಅಳೆದಿರಿ. ಗುಣಾಂಕ 0.04 ಬಂತು, ಅಂದರೆ ಏನೂ ಇಲ್ಲ. ಕಡತ ಮುಚ್ಚಿದಿರಿ, ಬೋರ್‌ವೆಲ್ ಮುಚ್ಚಲಿಲ್ಲ.

ನಿಮ್ಮ ಪಟ್ಟಿಯನ್ನು ಅರ್ಜಿ ಹಾಕಿ ತರಿಸಿಕೊಂಡೆ. ಅರವತ್ತೆರಡು ಬಾಟಲಿಗಳಲ್ಲೂ ಲೋಹ ಹೆಚ್ಚುಕಡಿಮೆ ಒಂದೇ, ಇಲ್ಲವೆನ್ನುವಷ್ಟು ಕಡಿಮೆ. ಲೋಹಕ್ಕೆ ಲೇಪ ಹಾಕಿ ಕೊಳೆನೀರು ಹೊರಬಿಡುವ ಶೆಡ್ಡಿನ ಪಕ್ಕದಲ್ಲೇ ಕೊರೆದ ಬೋರ್‌ವೆಲ್‌ನಿಂದ ಇಂಥ ಗಂಗಾಜಲ ಹೇಗೆ ಬಂತು ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ? ಇಡೀ ತರಗತಿಗೆ ಮೂವತ್ತೈದೇ ಅಂಕ ಕೊಟ್ಟು, ಓದಿಗೂ ಅಂಕಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಬರೆದರೆ ನನ್ನ ವಿದ್ಯಾರ್ಥಿಗಳೂ ನಗುತ್ತಾರೆ. ಒಂದು ಅಳತೆ ಅಲುಗಾಡದೆ ನಿಂತಿದ್ದರೆ ಇನ್ನೊಂದು ಅದರ ಜೊತೆ ಏರುವುದು ಇಳಿಯುವುದು ಎಲ್ಲಿಂದ? ನಿಮ್ಮ ಕಚೇರಿಗೆ ಬಂದು ಇದನ್ನೇ ಕೇಳಿದೆ. “ಮೇಡಂ, ಕಂಪ್ಯೂಟರ್ರಲ್ಲೇ ಬಂದಿರೋದು ಕಣ್ರೀ, ನಾವೇನ್ ಕೈಯಲ್ಲಿ ಬರೆದ್ವಾ?” ಎಂಬ ಉತ್ತರ ಸಿಕ್ಕಿತು.

ಆ ಬಾಟಲಿಗಳಿಗೆ ಯಾವ ನೀರು ತುಂಬಿತೆಂದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ನನ್ನ ಅತ್ತೆ ಮಾರಕ್ಕನವರಿಗೆ ಡಯಾಲಿಸಿಸ್ ಶುರುವಾಗಿತ್ತು. ನಿಮ್ಮ ಸಿಬ್ಬಂದಿ ಮನೆಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಬಾಟಲಿಗೆ ನೀರು ಕೊಟ್ಟವರು ಅತ್ತೆಯೇ.

“ನಲ್ಲಿಯಿಂದ ಹಿಡಿದು ಕೊಟ್ಟಿರಾ?” ಎಂದು ಕೇಳಿದೆ.

“ಅಯ್ಯೋ, ಬಂದೋರ್ಗೆ ಬೋರ್ ನೀರ್ ಕೊಡಾಕಾಯ್ತದಾ? ಕ್ಯಾನಿಂದ ತುಂಬಿಸ್ಕೊಟ್ಟೆ. ಎಲ್ಲಾರ್ ಮನೇಲೂ ಅಂಗೇ ಕಣಮ್ಮ.”

ಹೌದು, ಎಲ್ಲರ ಮನೆಯಲ್ಲೂ ಹಾಗೇ. ಕೊಂಡು ತಂದ ಕ್ಯಾನ್ ನೀರು ನೆಂಟರಿಗೆ, ಕೆಲಸಕ್ಕೆ ಹೋಗುವವರ ಬಾಟಲಿಗೆ. ಹಿರಿಯರು ಬಿಂದಿಗೆಯ ಬೋರ್ ನೀರನ್ನೇ ಕುಡಿಯುತ್ತಾರೆ, ಕ್ಯಾನ್ ನೀರು ಚಪ್ಪೆ ಎನ್ನುತ್ತಾರೆ. ಬಾಗಿಲಿಗೆ ಬಂದವರನ್ನು ಇಲ್ಲಿಯ ಜನ ಮರ್ಯಾದೆಯಿಂದ ಕಂಡರು. ಆ ಮರ್ಯಾದೆಯನ್ನು ನೀವು ಪ್ರಯೋಗಾಲಯಕ್ಕೆ ಕಳಿಸಿದಿರಿ. “ನೀವು ಕುಡಿಯೋದು ಇದೇನಾ ಅಮ್ಮಾ?” ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಿಮ್ಮನ್ನೇ ಬೈದು ಕೈತೊಳೆದುಕೊಳ್ಳುವುದಿಲ್ಲ. ಒಂದೇ ಮನೆಯಲ್ಲಿ ನನ್ನ ಕ್ರಿಯಾಟಿನಿನ್ 0.8, ಅತ್ತೆಯದು 6.4. ನಾನು ಕ್ಯಾನ್ ನೀರು, ಅವರು ಬೋರ್ ನೀರು. ಉದಾಹರಣೆ ನನ್ನ ಅಡುಗೆಮನೆಯಲ್ಲೇ ಕೂತಿತ್ತು. ನಾನು ಕಾಲೇಜಿನಲ್ಲಿ ಕರಿಹಲಗೆ ತುಂಬ ಲೆಕ್ಕ ಬರೆಯುತ್ತಿದ್ದೆ. ನಾಚಿಕೆಯಾಗುತ್ತದೆ, ನಿದ್ದೆ ಬರುವುದಿಲ್ಲ. ಇಬ್ಬರ ಅಳತೆಯಿಂದ ಏನೂ ಸಾಬೀತಾಗದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಅದಕ್ಕೇ ಪರೀಕ್ಷೆಯನ್ನು ಸರಿಯಾಗಿ ಮಾಡಿ ಎನ್ನುತ್ತಿರುವುದು.

ಹೋದ ತಿಂಗಳು ಅತ್ತೆ ತೀರಿಕೊಂಡರು. ಎದುರು ಮನೆಯ ಪಿಳ್ಳಪ್ಪನವರ ಕ್ರಿಯಾಟಿನಿನ್ ಈಗ 3.1.

ನನ್ನ ಬೇಡಿಕೆ ಇಷ್ಟೇ. ಹಳೆಯ ವರದಿ ತಪ್ಪೆಂದು ಬರವಣಿಗೆಯಲ್ಲಿ ಒಪ್ಪಿ, ಬೀದಿಯ ನೋಟಿಸ್ ಬೋರ್ಡಿನಿಂದ ಅದನ್ನು ತೆಗೆಯಿರಿ. ಮನೆಯವರು ಕುಡಿಯುವ ಬಿಂದಿಗೆಯಿಂದಲೇ ಮತ್ತೆ ಮಾದರಿ ತೆಗೆಯಿರಿ. ಯಾರು ಯಾವ ನೀರನ್ನು ಎಷ್ಟು ವರ್ಷದಿಂದ ಕುಡಿದರೆಂದು ಕೇಳಿ ಬರೆದುಕೊಳ್ಳಿ. ಫಲಿತಾಂಶ ಬರುವವರೆಗೆ ಬೋರ್‌ವೆಲ್‌ಗೆ ಬೀಗ ಹಾಕಿ ಟ್ಯಾಂಕರ್ ಕಳಿಸಿ. ಇದಕ್ಕೆ ಏಳು ದಿನ ಸಾಕು.

ನಿನ್ನೆ ಪಿಳ್ಳಪ್ಪನವರ ಕೈಯಿಂದ ಚೊಂಬು ಕಿತ್ತುಕೊಳ್ಳಲು ಹೋದೆ. ಅವರು ಬಿಡಲಿಲ್ಲ. “ಏನೂ ಇಲ್ಲಾಂತ ಸರ್ಕಾರನೇ ಬರ್ಕೊಟ್ಟೈತಲ್ಲವ್ವಾ, ನೀನ್ಯಾಕ್ ಭಯ ಬೀಳುಸ್ತೀಯ?” ಎಂದು ನನ್ನೆದುರೇ ಗಟಗಟನೆ ಕುಡಿದರು.

ಇಂತಿ,
ಊರಿಗೆಲ್ಲ ಲೆಕ್ಕ ಕಲಿಸಿ ಅತ್ತೆಯ ಲೋಟ ನೋಡದ ಸೊಸೆ,
ಶಾಂತಲಾ
ಕೊಡಿಗೇಹಳ್ಳಿ